ಹುಡುಗಿ ಎಲ್ಲಿ ಹೋದಳು?

ಹೋದ ತಿಂಗಳು ಬಟ್ಟೆಯ ಕಪಾಟನ್ನೇ ರೆಕಾರ್ಡಿಂಗ್ ಕೋಣೆ ಮಾಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಹಾಗೆ ರೆಕಾರ್ಡ್ ಮಾಡಿದ ಹಾಡು ಆಮೇಲೆ ಏನಾಯಿತು ಅಂತ ಕೆಲವರು ಕೇಳಿದ್ದೀರಿ. ಹಾಡು ಚೆನ್ನಾಗಿಯೇ ಬಂದಿತ್ತು. ಅದನ್ನು ಕೆಡಿಸಿದವನು ನಾನು. ಕೆಟ್ಟದ್ದು ಎಲ್ಲಿ ಅಂತ ತೋರಿಸಿಕೊಟ್ಟದ್ದು ಮೂರು ಇಂಚಿನ ಒಂದು ಅಗ್ಗದ ಸ್ಪೀಕರ್. ಈ ತಿಂಗಳು ಅದರ ಕಥೆ.

ಹಾಡು ನನ್ನ ಮಗಳದು. ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಈಗ ಏಳನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡಲು ಹೋದರೆ ಮರಾಠಿ, ಹಿಂದಿ. ಕನ್ನಡ ಅಂದರೆ ಮನೆಯೊಳಗಿನ ಮಾತು, ಮತ್ತೆ ಭಾನುವಾರ ಊರಿಗೆ ಮಾಡುವ ಫೋನು. ಆ ಫೋನಿನಲ್ಲೇ ನಮ್ಮ ಅವ್ವ ಅವಳಿಗೊಂದು ಬೀಸುವ ಪದ ಕಲಿಸಿದ್ದಳು. ಗದಗದ ಕಡೆಯ ನಮ್ಮೂರಿನಲ್ಲಿ, ಅವ್ವ ಸಣ್ಣವಳಿದ್ದಾಗ, ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದ ಪದ ಅದು. ವಾರಕ್ಕೊಂದು ನುಡಿಯಂತೆ ಎರಡು ತಿಂಗಳು ಹಿಡಿಯಿತು. ರಾಗ ಬೇಗ ಬಂತು, ಕಷ್ಟವಾದದ್ದು ಮಾತು. ಮರಾಠಿ, ಹಿಂದಿಗಳಲ್ಲಿ ನಮ್ಮ ಹಾಗೆ ಎ-ಏ, ಒ-ಓ ಅಂತ ಗಿಡ್ಡ-ಉದ್ದದ ಭೇದ ಇಲ್ಲವಲ್ಲ. ‘ಕೊಡ’ ಅನ್ನುವುದು ಅವಳ ಬಾಯಲ್ಲಿ ‘ಕೋಡ’ ಆಗುತ್ತಿತ್ತು. ಅವ್ವ ನಕ್ಕು ತಿದ್ದುವಳು, ಇವಳು ಮತ್ತೆ ಹಾಡುವಳು. ಆ ಪದದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಮೆ ಬಿದ್ದದ್ದು ಆ ಮಾತುಗಳ ಮೇಲೆಯೇ.

ಬೀಸುವ ಪದಕ್ಕೆ ಪಕ್ಕವಾದ್ಯ ಬೇಕಿಲ್ಲ, ಕಲ್ಲಿನ ಸಪ್ಪಳವೇ ಅದರ ತಾಳ. ಆದರೆ ಮನೆಯಲ್ಲಿ ಸಾಫ್ಟ್‌ವೇರ್ ಇದೆ, ಎರಡು ಮೈಕ್ ಇವೆ, ಕೈ ಸುಮ್ಮನಿರಬೇಕಲ್ಲ. ನಮ್ಮ ಭಜನಾ ಮಂಡಳಿಯ ಗೆಳೆಯರೊಬ್ಬರು ಪೇಟಿ ನುಡಿಸಿದರು, ಇನ್ನೊಬ್ಬರು ತಬಲಾ. ಹಿಂದೆ ತಂಬೂರಿ, ಅದರ ಹಿಂದೆ ಸಣ್ಣಗೆ ವಯಲಿನ್‌ಗಳ ಒಂದು ಪದರ. ಇಷ್ಟೆಲ್ಲ ಸೇರಿದ ಮೇಲೆ ಮಗಳ ದನಿ ತೆಳು ಅನಿಸಿತು. ಅದನ್ನು ‘ಅಗಲ’ ಮಾಡುವ ಒಂದು ಪ್ಲಗಿನ್ ಹಾಕಿ, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದೆ. ಕೊನೆಯ ಲೋಕಲ್ ಹೋದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಎರಡು ವಾರ ರಾತ್ರಿ ಕೂತು ಮಿಕ್ಸ್ ಮಾಡಿದೆ. ಹೆಡ್‌ಫೋನಿನಲ್ಲಿ ಅವಳ ದನಿ ಕಿವಿಗಳ ಆಚೆಗೂ ಹರಡಿಕೊಂಡು ಸಿನಿಮಾ ಹಾಡಿನ ಹಾಗೆ ಕೇಳಿಸುತ್ತಿತ್ತು. ಮಗಳಿಗೂ ಕೇಳಿಸಿದೆ, ಕಣ್ಣರಳಿಸಿದಳು. ಊರಿಗೆ ಕಳಿಸಿದೆವು.

ಊರಲ್ಲಿ ಹಾಡು ಕೇಳಿದ್ದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳಂತೆ. ಅಣ್ಣನ ಮಗ ಫೋನಿನಲ್ಲಿ ಹಾಡು ಹಚ್ಚಿ, ದನಿ ದೊಡ್ಡದಾಗಲಿ ಅಂತ ಫೋನನ್ನು ಒಂದು ಸ್ಟೀಲಿನ ಚರಗಿಯೊಳಗೆ ನಿಲ್ಲಿಸಿದ್ದನಂತೆ. ಭಾನುವಾರ ಫೋನು ಬಂತು. ನಾನು ಸ್ಪೀಕರ್ ಹಾಕಿದೆ, ಮಗಳು ಪಕ್ಕದಲ್ಲೇ ಇದ್ದಳು.

“ಪೇಟಿ ಛಲೋ ಕೇಳಸ್ತೈತಿ ತಮ್ಮಾ. ತಬಲಾನೂ ಕೇಳಸ್ತೈತಿ. ಹುಡುಗಿ ಎಲ್ಲಿ ಹ್ವಾದ್ಲು? ಬಾವಿಯೊಳಗ ನಿಂತು ಹಾಡಿದಂಗ ಐತಿ, ಒಂದು ಮಾತೂ ತಿಳೀಲಿಲ್ಲ.”

ನಾನು ಫೋನು ಹಳೆಯದಿರಬೇಕು ಅಂತ ಏನೋ ಹೇಳಿ ಮಾತು ತಿರುಗಿಸಿದೆ. ಮಗಳು ಏನೂ ಅನ್ನಲಿಲ್ಲ. ರಾತ್ರಿ ಮಲಗುವಾಗ ಕೇಳಿದಳು: “ಅಪ್ಪಾ, ನಾನು ಸಣ್ಣ ದನೀಲಿ ಹಾಡಿದ್ನಾ?”

ಆ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ಎದ್ದು ಹೋಗಿ, ಹೆಡ್‌ಫೋನ್ ಇಲ್ಲದೆ, ಮನೆಯಲ್ಲಿದ್ದ ಒಂಟಿ ಸ್ಪೀಕರಿನ ಹಳೆಯ ಫೋನಿನಲ್ಲಿ ಹಾಡು ಹಾಕಿದೆ. ಅವ್ವ ಹೇಳಿದ್ದು ಅಕ್ಷರಶಃ ನಿಜ. ಪೇಟಿ ಇದೆ, ತಬಲಾ ಇದೆ. ಮಗಳ ದನಿ ಇರಬೇಕಾದ ಜಾಗದಲ್ಲಿ ಬರೀ ಒಂದು ಗುಂಯ್‌ಗುಡುವ ನೆರಳು.

ಏನಾಗಿತ್ತು ಅಂತ ಸರಳವಾಗಿ ಹೇಳುತ್ತೇನೆ. ಸ್ಟೀರಿಯೊ ಹಾಡಿನಲ್ಲಿ ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಸಿಗ್ನಲ್ ಇರುತ್ತವೆ. ಕೇಳುವ ಯಂತ್ರದಲ್ಲಿ ಒಂದೇ ಸ್ಪೀಕರ್ ಇದ್ದರೆ ಅದು ಎರಡನ್ನೂ ಕೂಡಿಸಿ ಒಂದು ಮಾಡುತ್ತದೆ. ಅದೇ ಮೊನೊ. ನಾನು ಹಾಕಿದ ಪ್ಲಗಿನ್ ದನಿಯನ್ನು ಎಡಕ್ಕೆ ಇದ್ದ ಹಾಗೆ ಕಳಿಸಿ, ಬಲಕ್ಕೆ ಅದನ್ನೇ ತಲೆಕೆಳಗು ಮಾಡಿ ಕಳಿಸಿತ್ತು. ಎಡದ ಅಲೆ ಮೇಲೇಳುವಾಗ ಬಲದ ಅಲೆ ಅಷ್ಟೇ ಕೆಳಗಿಳಿಯುತ್ತದೆ. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಹೋಗುವುದರಿಂದ ಅವು ಸೇರುವುದೇ ಇಲ್ಲ, ಮಿದುಳಿಗೆ ಏನೋ ಅಗಲವಾದಂತೆ ಅನಿಸುತ್ತದೆ. ಒಂದೇ ಸ್ಪೀಕರಿಗೆ ಬಂದಾಗ ಮಾತ್ರ, ಒಂದು ಬಾಗಿಲನ್ನು ಇಬ್ಬರು ಎರಡು ಕಡೆಯಿಂದ ಅಷ್ಟೇ ಬಲ ಹಾಕಿ ತಳ್ಳಿದಂತೆ. ಬಾಗಿಲು ಅಲ್ಲಾಡುವುದಿಲ್ಲ. ದನಿ ಇಲ್ಲವಾಗುತ್ತದೆ. ಅದಕ್ಕೆ ಹಾಕಿದ್ದ ರಿವರ್ಬ್, ಅಂದರೆ ಗುಡಿಯ ಗೂಂಜಿನಂಥ ಬಾಲ, ಎಡಬಲಗಳಲ್ಲಿ ಬೇರೆಬೇರೆ ಇದ್ದುದರಿಂದ ಅದೊಂದು ಉಳಿಯಿತು. ಅವ್ವನಿಗೆ ಬಾವಿ ನೆನಪಾದದ್ದು ಅದಕ್ಕೇ.

ಇದು ತುದಿಯ ಉದಾಹರಣೆ. ಇದಕ್ಕಿಂತ ಸಣ್ಣ ತಪ್ಪುಗಳೇ ಹೆಚ್ಚು, ಅವು ಇನ್ನೂ ಕಳ್ಳತನದಿಂದ ಕೆಲಸ ಮಾಡುತ್ತವೆ. ದನಿಯ ಒಂದು ನಕಲು ಮಾಡಿ 10 ಮಿಲಿಸೆಕೆಂಡು ತಡಮಾಡಿ ಇನ್ನೊಂದು ಬದಿಗೆ ಹಾಕುವುದು ಬಹಳ ಜನ ಬಳಸುವ ಉಪಾಯ. ಮೊನೊದಲ್ಲಿ ಆ ಎರಡು ಸೇರಿದಾಗ 50, 150, 250 ಹರ್ಟ್ಜ್ ಹೀಗೆ ಪ್ರತಿ 100 ಹರ್ಟ್ಜಿಗೆ ಒಂದು ಹಳ್ಳ ಬೀಳುತ್ತಾ ಹೋಗುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ. ದನಿ ಕೊಳವೆಯೊಳಗಿಂದ ಬಂದಂತೆ ಕೇಳಿಸುತ್ತದೆ. ಪೇಟಿಗೆ ಎರಡು ಮೈಕ್ ಇಟ್ಟರೂ ಇದೇ ಅಪಾಯ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಒಂದು ಮೈಕ್ ಇನ್ನೊಂದಕ್ಕಿಂತ ಒಂದಡಿಗಿಂತ ಚೂರು ಹೆಚ್ಚು, 34 ಸೆಂಟಿಮೀಟರ್ ದೂರ ಇದ್ದರೆ ಸದ್ದು ಅದನ್ನು ಮುಟ್ಟುವುದು ಒಂದು ಮಿಲಿಸೆಕೆಂಡು ತಡವಾಗಿ. ಎರಡನ್ನೂ ಸಮಸಮ ಕೂಡಿಸಿದರೆ ಮೊದಲ ಹಳ್ಳ ಬೀಳುವುದು 500 ಹರ್ಟ್ಜಿನಲ್ಲಿ. ಪೇಟಿಯ ಹೊಟ್ಟೆ ಇರುವುದೇ ಆ ಆಸುಪಾಸಿನಲ್ಲಿ.

‘ಈಗ ಎಲ್ಲರ ಹತ್ತಿರವೂ ಸ್ಟೀರಿಯೊ ಇದೆಯಲ್ಲ, ಮೊನೊ ಯಾರು ಕೇಳುತ್ತಾರೆ’ ಅಂತ ನೀವು ಕೇಳಬಹುದು. ಒಂದು ದಿನ ಎಣಿಸಿ ನೋಡಿ. ಅಡುಗೆಮನೆಯ ಸಣ್ಣ ಬ್ಲೂಟೂತ್ ಡಬ್ಬಿ, ಅಗ್ಗದ ಫೋನಿನ ಸ್ಪೀಕರ್, ರಿಕ್ಷಾದ ಹಿಂದಿನ ಡಬ್ಬಾ, ಗಣಪತಿ ಮಂಟಪದ ಧ್ವನಿವರ್ಧಕ. ಇವುಗಳಲ್ಲಿ ಬಹುಪಾಲು ಮೊನೊ. ಎರಡು ಸ್ಪೀಕರ್ ಇದ್ದರೂ ಬೆರಳಗಲ ದೂರದಲ್ಲಿದ್ದರೆ ಎರಡು ಮಾರು ಆಚೆ ಕೂತವರಿಗೆ ಅದು ಮೊನೊ ಆಗಿಯೇ ತಲುಪುತ್ತದೆ. ನಮ್ಮ ಕನ್ನಡ ಸಂಘಗಳ ಕಾರ್ಯಕ್ರಮ ನಡೆಯುವ ಸಭಾಂಗಣಗಳನ್ನೇ ನೋಡಿ. ಎಡಕ್ಕೂ ಬಲಕ್ಕೂ ಒಂದೊಂದು ದೊಡ್ಡ ಪೆಟ್ಟಿಗೆ ಕಾಣುತ್ತದೆ, ಎರಡರಲ್ಲೂ ಬರುವುದು ಸಾಮಾನ್ಯವಾಗಿ ಒಂದೇ ಸಿಗ್ನಲ್. ಮೂಲೆಯಲ್ಲಿ ಕೂತವರಿಗೂ ಎಲ್ಲ ಕೇಳಿಸಲಿ ಅನ್ನುವುದಕ್ಕೆ ಹಾಗೆ ಮಾಡುತ್ತಾರೆ, ಅದು ಸರಿಯೇ.

ಒಮ್ಮೆ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಮಕ್ಕಳ ನೃತ್ಯಕ್ಕೆ ಹಾಡು ಹಾಕಿದಾಗ ಸಂಗೀತ ಮಾತ್ರ ಬಂದು ಹಾಡುವವರ ದನಿ ಮಾಯವಾದದ್ದನ್ನು ನಾನೇ ನೋಡಿದ್ದೇನೆ. ಮಕ್ಕಳು ಪಲ್ಲವಿಗೆ ಕಾಯುತ್ತಾ ನಿಂತಿದ್ದರು. ಅಲ್ಲಿ ಆದದ್ದು ನನ್ನ ಹಾಡಿಗೆ ಆದದ್ದರ ತಿರುವುಮುರುವು. ಫೋನಿನ ಸ್ಟೀರಿಯೊ ವೈರನ್ನು ಮೈಕಿಗೆ ಇರುವ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚಿದ್ದರು. ಆ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ. ನಡುವೆ ಇಟ್ಟ ದನಿ ಎರಡೂ ಕಡೆ ಒಂದೇ ಥರ ಇರುವುದರಿಂದ ಕಳೆದಾಗ ಸೊನ್ನೆ. ಸಂಘದಲ್ಲಿ ಸೌಂಡಿನ ಹೊಣೆ ಹೊತ್ತವರು ಇದೊಂದನ್ನು ನೆನಪಿಟ್ಟರೆ ಎಷ್ಟೋ ಮಕ್ಕಳ ಮುಖ ಬಾಡುವುದು ತಪ್ಪುತ್ತದೆ. ನಡುವಿನ ದನಿ ಮಾತ್ರ ಮಾಯವಾದರೆ ಮೊದಲು ವೈರ್ ನೋಡಿ.

ಇನ್ನು ಆ ಸಣ್ಣ ಸ್ಪೀಕರಿನ ವಿಷಯ. ಇದು ಬಡವರ ಮನೆಯ ಉಪಾಯ ಅಂತ ತಿಳಿಯಬೇಡಿ. ದೊಡ್ಡ ದೊಡ್ಡ ಸ್ಟುಡಿಯೊಗಳಲ್ಲೇ ಇದು ಬೆಳೆದದ್ದು. ಅಮೆರಿಕದ ಜ್ಯಾಕ್ ವಿಲ್ಸನ್ 1958ರಲ್ಲಿ ಆರಟೋನ್ ಅನ್ನುವ ಕಂಪನಿ ಶುರುಮಾಡಿದರು. ಅವರ 5ಸಿ ಸೌಂಡ್ ಕ್ಯೂಬ್ ಅನ್ನುವ ಪೆಟ್ಟಿಗೆ 1970ರ ದಶಕದಲ್ಲಿ ಸ್ಟುಡಿಯೊಗಳ ತುಂಬ ಕಾಣಿಸಿಕೊಂಡಿತು. ಗೇಣಿಗಿಂತ ಸಣ್ಣ ಚೌಕ ಪೆಟ್ಟಿಗೆ, ಒಳಗೆ ನಾಲ್ಕೂವರೆ ಇಂಚಿನ ಒಂದೇ ಒಂದು ಸ್ಪೀಕರ್. ಕೆಳಗಿನ ಸ್ವರಕ್ಕೆ ಒಂದು, ಮೇಲಿನದಕ್ಕೆ ಒಂದು ಅಂತ ಹಂಚಿಕೆ ಇಲ್ಲ. ಗೋಡೆಯಲ್ಲಿ ಕೂರಿಸಿದ ದೈತ್ಯ ಸ್ಪೀಕರುಗಳ ಮುಂದೆ, ಮಿಕ್ಸಿಂಗ್ ಮೇಜಿನ ಮೇಲೇ ಇದನ್ನು ಇಟ್ಟುಕೊಳ್ಳುತ್ತಿದ್ದರು. ಕೇಳಲು ಹಿತವಿಲ್ಲ ಅಂತ ಇಂಗ್ಲಿಷಿನಲ್ಲಿ ಇದಕ್ಕೆ ‘ಹಾರರ್‌ಟೋನ್’ ಅಂತ ಅಡ್ಡಹೆಸರೇ ಇತ್ತು. ಆದರೂ ಬಿಡಲಿಲ್ಲ. ಜನ ಹಾಡು ಕೇಳುವುದು ಕಾರಿನ ರೇಡಿಯೊದಲ್ಲಿ, ಟಿವಿಯಲ್ಲಿ, ಕೈಯಲ್ಲಿ ಹಿಡಿಯುವ ಟ್ರಾನ್ಸಿಸ್ಟರಿನಲ್ಲಿ ಅಂತ ಅವರಿಗೆ ಗೊತ್ತಿತ್ತು. ಮೈಕಲ್ ಜ್ಯಾಕ್ಸನ್ ಅವರ 1982ರ ‘ಥ್ರಿಲ್ಲರ್’ ಮಿಕ್ಸ್ ಮಾಡಿದ ಬ್ರೂಸ್ ಸ್ವೀಡಿಯನ್ ಈ ಪೆಟ್ಟಿಗೆಯನ್ನು ಬಹಳ ನೆಚ್ಚಿಕೊಂಡವರಲ್ಲಿ ಒಬ್ಬರು.

ನಮ್ಮ ಕಡೆಗೂ ಇದು ಹೊಸದೇನಲ್ಲ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಆ ಮೀಡಿಯಂ ವೇವ್ ಪ್ರಸಾರ ಬಂದದ್ದೆಲ್ಲ ಒಂಟಿ ಸ್ಪೀಕರಿನ ರೇಡಿಯೊಗೆ. 1960ರ ದಶಕದ ಕನ್ನಡ ಸಿನಿಮಾ ಹಾಡುಗಳನ್ನು ನೆನಪು ಮಾಡಿಕೊಳ್ಳಿ. ಪಿ. ಬಿ. ಶ್ರೀನಿವಾಸ್ ಅವರ ದನಿ ಕಟ್ಟಿಗೆಯ ರೇಡಿಯೊದಿಂದ ಬಂದರೂ ಮಾತು ಮಾತೂ ತಿಳಿಯುತ್ತಿತ್ತು. ಎಡ-ಬಲ ಅನ್ನುವ ಸೌಲಭ್ಯ ಇಲ್ಲದ ಕಾಲದಲ್ಲಿ ಕೆಲಸ ಮಾಡಿದವರಿಗೆ ಒಂದೇ ದಾರಿ ಇತ್ತು. ದನಿ ಹಾಡುವಾಗ ವಾದ್ಯ ತಗ್ಗಬೇಕು, ದನಿ ನಿಂತಾಗ ವಾದ್ಯ ಮಾತಾಡಬೇಕು. ನಾವು ಇಂದು ಪೇಟಿಯನ್ನು ಎಡಕ್ಕೆ, ವಯಲಿನ್ನನ್ನು ಬಲಕ್ಕೆ ತಳ್ಳಿ ಜಾಗ ಆಯಿತು ಅಂದುಕೊಳ್ಳುತ್ತೇವೆ. ಮೊನೊ ಗುಂಡಿ ಒತ್ತಿದ ಕೂಡಲೇ ಎಲ್ಲರೂ ಒಂದೇ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಬೆಳಗಿನ 8.20ರ ಫಾಸ್ಟ್ ಲೋಕಲ್ಲಿನ ಹಾಗೆ. ಆಗಲೇ ಗೊತ್ತಾಗುವುದು, ಜಾಗ ನಿಜವಾಗಿಯೂ ಮಾಡಿದ್ದೆವಾ ಅಥವಾ ಬರೀ ಪಕ್ಕಕ್ಕೆ ಸರಿಸಿದ್ದೆವಾ ಅಂತ.

ಸಣ್ಣ ಸ್ಪೀಕರ್ ಇನ್ನೂ ಮೂರು ಉಪಕಾರ ಮಾಡುತ್ತದೆ.

ಮೊದಲನೆಯದು ಕೆಳಸ್ವರದ ವಿಷಯ. ಮೂರ್ನಾಲ್ಕು ಇಂಚಿನ ಸ್ಪೀಕರಿನಿಂದ 100 ಹರ್ಟ್ಜಿನ ಕೆಳಗೆ ಹೆಚ್ಚೇನೂ ಬರುವುದಿಲ್ಲ, ಫೋನಿನಲ್ಲಂತೂ ಇನ್ನೂ ಮೇಲೆಯೇ ಕಡಿದುಹೋಗುತ್ತದೆ. ಹಾಗಾದರೆ ತಬಲಾದ ಡಗ್ಗಾ ಫೋನಿನಲ್ಲಿ ಕೇಳಿಸುವುದು ಹೇಗೆ? ನಮ್ಮ ಕಿವಿಯ ಒಂದು ಜಾಣತನದಿಂದ. 80 ಹರ್ಟ್ಜಿನ ಸ್ವರ ಬಾರದಿದ್ದರೂ ಅದರ ಮೇಲಿನ 160, 240, 320 ಹರ್ಟ್ಜಿನ ಸ್ವರಗಳು ಬಂದರೆ ಮಿದುಳು ಕೆಳಗಿನದನ್ನು ತಾನೇ ತುಂಬಿಕೊಳ್ಳುತ್ತದೆ. ಅಂದರೆ ಡಗ್ಗಾ ಕೇಳಿಸದಿದ್ದರೆ ಬಾಸ್ ಏರಿಸಿ ಪ್ರಯೋಜನವಿಲ್ಲ. ಆ ಮೇಲಿನ ಸ್ವರಗಳು ಕಾಣಿಸುವಂತೆ ಮಾಡಬೇಕು. ಚೂರು ಸ್ಯಾಚುರೇಶನ್ ಹಾಕಿದರೆ ಅವು ಎದ್ದು ಬರುತ್ತವೆ.

ಎರಡನೆಯದು ಕೋಣೆಯ ವಿಷಯ. ನಮ್ಮ ಕೋಣೆಗಳು ಹತ್ತಡಿಗೆ ಹತ್ತಡಿ. ಎದುರುಬದುರಿನ ಗೋಡೆಗಳ ನಡುವೆ ಹತ್ತಡಿ ಇದ್ದರೆ ಸುಮಾರು 56 ಹರ್ಟ್ಜಿನ ಸದ್ದು ಅಲ್ಲೇ ಸಿಕ್ಕಿಕೊಂಡು ಗುಮ್ಮೆನ್ನುತ್ತದೆ. ಅಂಥ ಕೋಣೆಯಲ್ಲಿ ದೊಡ್ಡ ಸ್ಪೀಕರ್ ಇಟ್ಟರೆ ನೀವು ಕೇಳುವುದು ಹಾಡಿಗಿಂತ ಹೆಚ್ಚಾಗಿ ಕೋಣೆಯನ್ನು. ಸಣ್ಣ ಸ್ಪೀಕರ್ ಆ ಸ್ವರವನ್ನು ಎಬ್ಬಿಸುವುದೇ ಇಲ್ಲ. ಹತ್ತಿರ ಇಟ್ಟುಕೊಂಡು ಕೇಳುವುದರಿಂದ ಗೋಡೆಗಳ ಕಾಟವೂ ಕಡಿಮೆ.

ಮೂರನೆಯದು, ಸದ್ದಿಲ್ಲದೆ ಕೆಲಸ ಮಾಡಬಹುದು. ದನಿ ತಗ್ಗಿಸಿದಷ್ಟೂ ನಮ್ಮ ಕಿವಿಗೆ ಕೆಳಸ್ವರಗಳು ಕಡಿಮೆ ಕೇಳಿಸುತ್ತವೆ, ನಡುವಿನ ಸ್ವರಗಳು ಉಳಿಯುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ್ದು ಇದನ್ನೇ. ಹಾಗಾಗಿ ಪಿಸುಮಾತಿನಷ್ಟು ದನಿಯಲ್ಲಿ ಹಾಡಿನ ಮಾತು ತಿಳಿದರೆ ಜೋರಾಗಿ ಹಾಕಿದಾಗ ತಿಳಿದೇ ತಿಳಿಯುತ್ತದೆ. ಸೊಸೈಟಿಯ ಸೆಕ್ರೆಟರಿಯೂ ಬಾಗಿಲು ಬಡಿಯುವುದಿಲ್ಲ.

ಈಗ ಸಾಮಾನು. ನಾನು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಮೂರು ಇಂಚಿನ ಒಂದು ಫುಲ್‌ರೇಂಜ್ ಸ್ಪೀಕರ್, ಅಂಗೈಯಷ್ಟು ಆಂಪ್ಲಿಫೈಯರ್ ಬೋರ್ಡ್ ತಂದೆ. ಕೆಳಗಿನ ಬಡಗಿ ಮಿಕ್ಕಿದ ಪ್ಲೈವುಡ್ ತುಂಡಿನಲ್ಲಿ ಡಬ್ಬಿ ಮಾಡಿಕೊಟ್ಟ. ಚೆನ್ನೈನವರಿಗೆ ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿ, ದಿಲ್ಲಿಯವರಿಗೆ ಲಾಜಪತ್ ರಾಯ್ ಮಾರ್ಕೆಟ್, ಪುಣೆಯವರಿಗೆ ತಾಪಕೀರ್ ಗಲ್ಲಿ. ಅಷ್ಟು ಉಸಾಬರಿ ಬೇಡವಾದರೆ ವೈರ್ ಚುಚ್ಚುವ ಆಕ್ಸ್ ತೂತು ಇರುವ ಹಳೆಯ ರೇಡಿಯೊ ಸಾಕು. ಬ್ಲೂಟೂತ್ ಡಬ್ಬಿಯೂ ನಡೆಯುತ್ತದೆ. ಆದರೆ ಅವುಗಳಲ್ಲಿ ಹಲವು ತಮ್ಮಷ್ಟಕ್ಕೆ ಬಾಸ್ ಏರಿಸಿ, ದನಿ ಒತ್ತಿ ಚಂದ ಮಾಡಿ ಕೇಳಿಸುತ್ತವೆ, ನಮಗೆ ಬೇಕಾದದ್ದು ಚಂದ ಮಾಡದ ಸ್ಪೀಕರ್. ದುಡ್ಡಿದ್ದವರಿಗೆ ಆರಟೋನ್ ಮಾದರಿಯ ಪೆಟ್ಟಿಗೆಗಳನ್ನು ಅವಾಂಟೋನ್‌ನಂಥ ಕಂಪನಿಗಳು ಮಾಡುತ್ತವೆ.

ಒಂದು ಎಚ್ಚರಿಕೆ. ಮೊನೊ ಮಾಡಲು ಎಡ-ಬಲದ ಎರಡು ಔಟ್‌ಪುಟ್ ವೈರುಗಳನ್ನು ನೇರ ಹೆಣೆದು ಒಂದು ಮಾಡಬೇಡಿ, ಎರಡು ಔಟ್‌ಪುಟ್‌ಗಳು ಒಂದರ ಮೇಲೊಂದು ಬೀಳುತ್ತವೆ. ಕೂಡಿಸುವ ಕೆಲಸವನ್ನು ಸಾಫ್ಟ್‌ವೇರಿನಲ್ಲೇ ಮಾಡಿ. ರೀಪರ್‌ನಲ್ಲಿ ಮಾಸ್ಟರ್ ಟ್ರ್ಯಾಕಿನಲ್ಲೇ ಮೊನೊ ಗುಂಡಿ ಇದೆ. ಆಡಾಸಿಟಿಯಲ್ಲಿ ಹಾಡಿನ ಒಂದು ನಕಲು ತೆಗೆದು ಅದನ್ನು ಮೊನೊಗೆ ಇಳಿಸಿ ಕೇಳಬಹುದು. ಆಮೇಲೆ ಒಂದೇ ಔಟ್‌ಪುಟ್ಟಿನಿಂದ ಒಂದೇ ಸ್ಪೀಕರಿಗೆ ಕೊಡಿ. ಎರಡು ಸ್ಪೀಕರಿನಲ್ಲಿ ಮೊನೊ ಕೇಳಿದರೆ ಎರಡರ ಸದ್ದು ಕಿವಿಯ ಹತ್ತಿರ ಸೇರಿ ಮತ್ತೆ ಬಾಚಣಿಗೆಯ ಹಲ್ಲು ಮೂಡುತ್ತದೆ. ಒಂದನ್ನು ಆರಿಸಿಬಿಡುವುದೇ ಸರಿ.

ಕೇಳುವಾಗ ನಾನು ನನಗೇ ಹಾಕಿಕೊಳ್ಳುವ ಪ್ರಶ್ನೆಗಳು ನಾಲ್ಕು. ಮೊನೊ ಗುಂಡಿ ಒತ್ತಿದಾಗ ಯಾವುದಾದರೂ ವಾದ್ಯ ಅಥವಾ ದನಿ ಕುಗ್ಗಿತಾ, ಬಣ್ಣ ಬದಲಾಯಿತಾ? ಪೂರ್ತಿ ಬದಿಗೆ ತಳ್ಳಿದ್ದು ನಡುವಿನದಕ್ಕಿಂತ ಸುಮಾರು 3 ಡೆಸಿಬಲ್ ತಗ್ಗುವುದು ಸಹಜ, ಅದಕ್ಕಿಂತ ಹೆಚ್ಚು ತಗ್ಗಿದರೆ ಹುಡುಕಬೇಕು. ಹಾಡು ಗೊತ್ತಿಲ್ಲದವರಿಗೆ ಪ್ರತಿ ಮಾತೂ ತಿಳಿಯುತ್ತದಾ? ದನಿಯ ಮೇಲೆ ಯಾರು ಕೂತಿದ್ದಾರೆ? ತಾಳ ಹಿಡಿಯಲು ಬೇಕಾದಷ್ಟು ಡಗ್ಗಾ ಉಳಿದಿದೆಯಾ? ಸಾಫ್ಟ್‌ವೇರಿನಲ್ಲಿ ಕೊರಿಲೇಶನ್ ಮೀಟರ್ ಅಂತ ಒಂದು ಮುಳ್ಳು ಇರುತ್ತದೆ. ಅದು +1ರ ಕಡೆ ಇದ್ದರೆ ನಿಶ್ಚಿಂತೆ. ಸೊನ್ನೆಯ ಕೆಳಗೆ, -1ರ ಕಡೆ ಮತ್ತೆ ಮತ್ತೆ ಇಳಿಯುತ್ತಿದ್ದರೆ ಏನೋ ಒಂದು ತಲೆಕೆಳಗಾಗಿದೆ ಅಂತ ಅರ್ಥ. ನನ್ನ ಹಾಡಿನಲ್ಲಿ ಆ ಮುಳ್ಳು ಎರಡು ವಾರ ನನ್ನ ಕಣ್ಣೆದುರೇ ಕೆಳಗೆ ಬಿದ್ದಿತ್ತು. ನಾನು ನೋಡಿರಲಿಲ್ಲ.

ಸಣ್ಣ ಸ್ಪೀಕರ್ ಪ್ರಶ್ನೆ ಕೇಳುತ್ತದೆ, ಉತ್ತರ ಹೇಳುವುದಿಲ್ಲ. ಅದರಲ್ಲಿ ಹಾಡು ದಪ್ಪಗೆ ಕೇಳಿಸಲಿ ಅಂತ ಬಾಸ್ ಏರಿಸುತ್ತಾ ಹೋದರೆ ಕಾರಿನಲ್ಲಿ ಕಿಟಕಿ ಅದುರುತ್ತದೆ. ಫ್ಯಾನಿನ ಗಾಳಿ, ದೂರದ ರೈಲಿನ ಗುಡುಗು, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ್ದು, ಇವೆಲ್ಲ ಅದರಲ್ಲಿ ಕೇಳಿಸುವುದೇ ಇಲ್ಲ, ಅದಕ್ಕೆ ಹೆಡ್‌ಫೋನೇ ಬೇಕು. ಹಾಗಾಗಿ ಕೆಲಸ ದೊಡ್ಡದರಲ್ಲಿ ಮಾಡಿ, ನಡುನಡುವೆ ಸಣ್ಣದಕ್ಕೆ ಬಂದು ಹತ್ತು ನಿಮಿಷ ಕೇಳಿ, ತಪ್ಪು ಗುರುತು ಹಾಕಿಕೊಂಡು ಹಿಂದಕ್ಕೆ ಹೋಗಿ. ಕೊನೆಗೊಮ್ಮೆ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ, ನೀರಿನ ನಲ್ಲಿ ಬಿಟ್ಟಾಗ ಹಾಕಿ ನೋಡಿ. ನಮ್ಮ ಹಾಡು ಕೇಳುವವರು ಅಲ್ಲೇ ಇರುತ್ತಾರೆ.

ನಾನು ಮಾಡಿದ್ದಿಷ್ಟು. ದನಿಯನ್ನು ಅಗಲ ಮಾಡುವ ಪ್ಲಗಿನ್ ತೆಗೆದೆ, ದನಿಯನ್ನು ನಟ್ಟನಡುವೆ ನಿಲ್ಲಿಸಿದೆ. ಪೇಟಿಯ ಎರಡು ಮೈಕುಗಳಲ್ಲಿ ಒಂದನ್ನು ಪೂರ್ತಿ ಮುಚ್ಚಿದೆ. ಪೇಟಿ ದನಿಯ ಜೊತೆಜೊತೆಗೇ ಅದೇ ಸ್ವರ ನುಡಿಸುತ್ತಾ ಮಾತಿನ ವ್ಯಂಜನಗಳ ಮೇಲೆ ಕೂರುತ್ತಿತ್ತು. 2ರಿಂದ 3 ಕಿಲೋಹರ್ಟ್ಜಿನ ಆಸುಪಾಸಿನಲ್ಲಿ ಅದನ್ನು ಚೂರು ಕೆತ್ತಿದೆ, ಹುಡುಗಿ ಹಾಡುವಾಗ ಫೇಡರ್ ತಗ್ಗಿಸಿದೆ. ರಿವರ್ಬ್ ಅರ್ಧಕ್ಕೆ ಇಳಿಸಿದೆ. ವಯಲಿನ್‌ಗಳನ್ನು ಎಷ್ಟು ತಗ್ಗಿಸಿದರೂ ಸಣ್ಣ ಸ್ಪೀಕರಿನಲ್ಲಿ ಬರೀ ಮಬ್ಬು. ಕೊನೆಗೆ ಆ ಟ್ರ್ಯಾಕನ್ನೇ ಆರಿಸಿದೆ. ಆಗ ಹಾಡು ಸಟ್ಟನೆ ಹತ್ತಿರ ಬಂತು. ಅದು ಹಾಡಿಗೆ ಬೇಕಾಗಿ ಸೇರಿಸಿದ್ದಲ್ಲ, ನನ್ನ ಖುಷಿಗೆ ಸೇರಿಸಿದ್ದು ಅಂತ ಆಗ ಒಪ್ಪಿಕೊಂಡೆ.

ಮಗಳನ್ನು ಮತ್ತೆ ಹಾಡಿಸಲಿಲ್ಲ. ಅವಳು ಹಾಡಿದ್ದರಲ್ಲಿ ತಪ್ಪಿರಲಿಲ್ಲ. ಆ ಪ್ಲೈವುಡ್ ಡಬ್ಬಿಯ ಮುಂದೆ ಅವಳನ್ನು ಕೂರಿಸಿ ಮೊದಲು ಹಳೆಯದು, ಆಮೇಲೆ ಹೊಸದು ಹಾಕಿದೆ. “ಸಣ್ಣ ದನೀಲಿ ಹಾಡಿದ್ದು ನೀನಲ್ಲ, ಮುಚ್ಚಿದ್ದು ನಾನು” ಅಂದೆ. ಅವಳು ಎರಡನ್ನೂ ಇನ್ನೊಮ್ಮೆ ಹಾಕಿಸಿ ಕೇಳಿ, “ಹಂಗಾದ್ರೆ ಅಜ್ಜಿಗೆ ಇದನ್ನ ಕಳ್ಸು” ಅಂದಳು.

ಮುಂದಿನ ಭಾನುವಾರ ಫೋನು ಬಂತು. ಮತ್ತೆ ಚರಗಿ, ಮತ್ತೆ ರೊಟ್ಟಿಯ ಸಪ್ಪಳದ ನಡುವೆಯೇ ಕೇಳಿದ್ದಳಂತೆ. ಈ ಸಲ ಅವ್ವ ನನ್ನನ್ನು ವಿಚಾರಿಸಲೂ ಇಲ್ಲ.

“ಅಕಿಗೆ ಕೊಡು ಫೋನು” ಅಂದಳು. ಮಗಳು ತೆಗೆದುಕೊಂಡಳು. ಆ ಕಡೆಯಿಂದ ಕೇಳಿಸಿತು: “ಮೂರನೇ ನುಡಿಯಾಗ ಇನ್ನೂ ‘ಕೋಡ’ ಅಂತೀಯಲ್ಲವಾ? ‘ಕೊಡ’ ಅನ್ನು. ಗಿಡ್ಡ ಅನ್ನು.”

ಮಗಳು ಅಂದಳು. ಅಜ್ಜಿ ಇನ್ನೊಮ್ಮೆ ಅನ್ನಿಸಿದಳು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಚಹಾ ಆರಿಹೋದರೂ ಇಬ್ಬರ ಪಾಠ ಮುಗಿದಿರಲಿಲ್ಲ.